ಒಂದು ಬಾಚಣಿಗೆ ಕಡಿಮೆ

ಗುಬ್ಬಿಯ ನಮ್ಮ ಮನೆಯಲ್ಲಿ ಬೆಳಕು ಬೀಳುತ್ತಿದ್ದದ್ದು ಒಂದೇ ಕಡೆ. ನಡುಮನೆಯ ಮಾಡಿಗೆ ಅಪ್ಪ ಒಂದು ಗಾಜಿನ ಹೆಂಚು ಹಾಕಿಸಿದ್ದ. ಅದರ ಕೆಳಗೆ ಒಂದು ಚಾಪೆಯಷ್ಟು ಜಾಗದಲ್ಲಿ ಮಾತ್ರ ಬೆಳಗ್ಗೆಯಿಂದ ಸಂಜೆವರೆಗೆ ಚೆನ್ನಾಗಿ ಕಣ್ಣು ಕಾಣುತ್ತಿತ್ತು. ಮಿಕ್ಕ ಕಡೆ ಹಗಲಲ್ಲೂ ತಡಕಾಡಬೇಕು. ಆ ಚಾಪೆಯ ಮೇಲೆ ನನ್ನ ಗಂಗತ್ತೆ ಕೂರುತ್ತಿದ್ದಳು. ಗಂಗತ್ತೆ ಅಪ್ಪನ ಅಕ್ಕ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದವಳು, ಮತ್ತೆ ಹೋಗಲಿಲ್ಲ. ನಾನು ಹುಟ್ಟುವ ಮೊದಲೇ ಬಂದಿದ್ದಳಂತೆ. ಅವಳು ಮದುವೆ ಹೆಣ್ಣುಗಳಿಗೆ ಕಸೂತಿ ಹಾಕಿಕೊಡುತ್ತಿದ್ದಳು. ಬಾಗಿಲ ಪರದೆ ಒಂದು, ದಿಂಬಿನ ಕವರು ಎರಡು, ರೇಡಿಯೋಗೆ ಹೊದಿಸುವುದು ಒಂದು, ಇಷ್ಟು ಸೇರಿದರೆ ಒಂದು ಸೆಟ್ಟು. ಬಟ್ಟೆ ಬಿಳಿ. ಕೈಯಲ್ಲಿ ಒಂಚೂರು ಅರಿಶಿನ ಇದ್ದರೂ ಕಲೆ ಕೂತುಬಿಡುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಅದಕ್ಕೆ ಅವಳು ಕಾರ ಅರೆಯುತ್ತಿರಲಿಲ್ಲ, ತರಕಾರಿ ಹೆಚ್ಚುತ್ತಿರಲಿಲ್ಲ, ಅಡುಗೆಮನೆಯ ಹೊಸಲು ದಾಟುತ್ತಿರಲಿಲ್ಲ. ಮುದ್ದೆ ತಿರುವುವುದು, ಸಾರು ಕಾಯಿಸುವುದು, ಪಾತ್ರೆ ತಿಕ್ಕುವುದು ಎಲ್ಲ ನಮ್ಮವ್ವನ ಪಾಲಿಗೆ. ಅವ್ವ ನೇರವಾಗಿ ಏನೂ ಅನ್ನುತ್ತಿರಲಿಲ್ಲ. ಒಲೆಯ ಮುಂದೆ ಕೂತು ಪಾತ್ರೆಗಳ ಜೊತೆ ಮಾತಾಡುತ್ತಿದ್ದಳು. ಕೆಲವರಿಗೆ ಕೈ ತೊಳೆಯುವ ಭಾಗ್ಯ, ಕೆಲವರಿಗೆ ಕೈ ಸುಡುವ ಭಾಗ್ಯ ಅಂತ ಮಡಕೆಗೆ ಹೇಳುತ್ತಿದ್ದಳು. ಅತ್ತೆಗೆ ಕೇಳಿಸುತ್ತಿತ್ತು. ಅವಳು ದಾರ ಕಚ್ಚಿ ತುಂಡು ಮಾಡಿ ಸೂಜಿಗೆ ಹೊಸದು ಪೋಣಿಸುತ್ತಿದ್ದಳು.

ಅತ್ತೆಗೆ ಓದು ಬರುತ್ತಿರಲಿಲ್ಲ, ಕನ್ನಡವೂ ಇಲ್ಲ. ಮದುವೆಗೆ ಮುಂಚೆ ತುಮಕೂರಿನಲ್ಲಿ ಯಾರೋ ಇಂಜಿನಿಯರ ಮನೆಯಲ್ಲಿ ಮಗು ಎತ್ತಿಕೊಳ್ಳಲು ಇದ್ದಳಂತೆ. ಆ ಮನೆಯಾಕೆ ಮ್ಯಾಟಿ ಬಟ್ಟೆಯ ಮೇಲೆ ಇಂಟು ಹೊಲಿಗೆ ಕಲಿಸಿ, ಇಂಗ್ಲಿಷ್ ಅಕ್ಷರ ಹಾಕಿದ್ದ ಒಂದು ತುಂಡನ್ನು ಕೊಟ್ಟಿದ್ದಳು. ಮ್ಯಾಟಿ ಅಂದರೆ ಸಣ್ಣ ಸಣ್ಣ ತೂತಿರುವ ದಪ್ಪ ಬಟ್ಟೆ. ತೂತು ಎಣಿಸಿ ಇಂಟು ಗುರುತಿನ ಹಾಗೆ ಒಂದರ ಮೇಲೊಂದು ಓರೆಯಾಗಿ ದಾರ ಹಾಕುತ್ತಾ ಹೋದರೆ ಗೆರೆ ಎಳೆಯದೆ ಹೂವು, ಹಕ್ಕಿ, ಅಕ್ಷರ ಏನು ಬೇಕಾದರೂ ಬರುತ್ತದೆ. ಓದು ಬೇಡ, ಎಣಿಕೆ ಬಂದರೆ ಸಾಕು. ಅತ್ತೆ ಅಕ್ಷರಗಳಿಗೆಲ್ಲ ತಾನೇ ಹೆಸರಿಟ್ಟಿದ್ದಳು. ಇ ಅಂದರೆ ಬಾಚಣಿಗೆ, ಓ ಅಂದರೆ ಬಳೆ, ಸಿ ಅಂದರೆ ಕುಡುಗೋಲು, ಎಲ್ ಅಂದರೆ ಮೂಲೆ, ಎ ಅಂದರೆ ಗೋಪುರ. ಎಂ ಅಂದರೆ ಬೆಟ್ಟ, ಅದನ್ನೇ ತಲೆಕೆಳಗೆ ಮಾಡಿದರೆ ಡಬ್ಲ್ಯೂ. ಬಾಗಿಲ ಪರದೆಗೆ ಹಾಕುವ ವೆಲ್‌ಕಮ್ ಅನ್ನುವುದು ನನಗೆ ಪದ್ಯದ ಹಾಗೆ ಬಾಯಿಪಾಠ ಇತ್ತು. ತಲೆಕೆಳಗಿನ ಬೆಟ್ಟ, ಬಾಚಣಿಗೆ, ಮೂಲೆ, ಕುಡುಗೋಲು, ಬಳೆ, ಬೆಟ್ಟ. ನಾಲ್ಕನೇ ಕ್ಲಾಸು ಮುಗಿದ ಮೇಲೆ ನನ್ನನ್ನು ಸ್ಕೂಲು ಬಿಡಿಸಿ ಅತ್ತೆಯ ಎದುರಿಗೆ ಕೂರಿಸಿದ್ದರು. ಆಗ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿಗೆ. ಹಾಗಾಗಿ ನನಗೆ ಆ ಅಕ್ಷರಗಳಿಗೆ ಬೇರೆ ಹೆಸರು ಇದೆ ಅಂತಲೂ ಗೊತ್ತಿರಲಿಲ್ಲ. ಅತ್ತೆ ಎಡಗೈಯವಳು. ನಾನು ಬಲಗೈಯಲ್ಲಿ ಸೂಜಿ ಹಿಡಿದರೂ ಅವಳು ಹಾಕಿದ ಹಾಗೆಯೇ ದಾರ ಬೀಳುವಂತೆ ಕಲಿತಿದ್ದೆ, ಇಲ್ಲದಿದ್ದರೆ ಕೈಮೇಲೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದಳು.

ಆ ಪದದ ಕೊನೆಗೆ ಇನ್ನೊಂದು ಬಾಚಣಿಗೆ ಇರಬೇಕು. ಅತ್ತೆಯ ಹಳೆಯ ತುಂಡಿನಲ್ಲಿ ಇತ್ತು, ನಾನೇ ನೋಡಿದ್ದೆ. ಕೇಳಿದ್ದಕ್ಕೆ ಬಟ್ಟೆ ಸಾಲುವುದಿಲ್ಲ ಅಂದಳು. ಗುಬ್ಬಿಯಲ್ಲಿ ಸಿಗುತ್ತಿದ್ದ ಮ್ಯಾಟಿಯ ಅಗಲ ಕಡಿಮೆ. ಎರಡೂ ಕಡೆ ಒಂದೊಂದು ಗಿಣಿ ಕೂರಿಸಿದರೆ ನಡುವೆ ಆರು ಅಕ್ಷರಕ್ಕೆ ಜಾಗ. ಗಿಣಿ ಬಿಡಲು ಅವಳು ತಯಾರಿಲ್ಲ. ಜನ ಅವಳ ಹತ್ತಿರ ಬರುತ್ತಿದ್ದದ್ದೇ ಗಿಣಿಗೆ. ಐದು ಬಣ್ಣದ ದಾರ, ಕೊಕ್ಕಿಗೆ ಕೆಂಪು, ಕುತ್ತಿಗೆಗೆ ಕಪ್ಪು ಪಟ್ಟಿ. ಹಾಗಾಗಿ ಒಂದು ಬಾಚಣಿಗೆ ತೆಗೆದಿದ್ದಳು, ಹೇಗೂ ಆ ಪದದಲ್ಲಿ ಬಾಚಣಿಗೆ ಇನ್ನೊಂದು ಇದೆಯಲ್ಲ ಅಂತ. ದಿಂಬಿನ ಕವರಿಗೆ ಸ್ವೀಟ್ ಡ್ರೀಮ್ಸ್ ಅಂತ ಹಾಕುವಾಗ ಅವಳ ಕಷ್ಟ ಬೇರೆ. ಎರಡು ಬಾಚಣಿಗೆ ಪಕ್ಕಪಕ್ಕ ಬಂದರೆ ಹಲ್ಲು ಕಿರಿದ ಹಾಗೆ ಕಾಣುತ್ತದೆ ಅಂತ ಒಂದನ್ನು ಗೋಪುರ ಮಾಡಿದ್ದಳು. ನಮ್ಮ ಬೀದಿ, ಪೇಟೆ ಬೀದಿ, ಬೆಳ್ಳಾವಿ ಕಡೆಯ ಹಳ್ಳಿಗಳು, ಕುಣಿಗಲ್ಲಿನಲ್ಲಿ ನಾಲ್ಕೈದು ಮನೆ, ಎಲ್ಲ ಕಡೆ ಅದೇ ಪರದೆ, ಅದೇ ದಿಂಬು. ಓದಿದವರೂ ಆ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗುತ್ತಿದ್ದರು. ಯಾರೂ ಏನೂ ಹೇಳಲಿಲ್ಲ.

ಇನ್ನೊಂದು ವಿಷಯ ಹೇಳಿಬಿಡಬೇಕು. ಅತ್ತೆ ಇದನ್ನು ಮಾಡುತ್ತಾಳೆ ಅಂತ ಊರಿಗೆಲ್ಲ ಗೊತ್ತು, ಆದರೆ ಬಾಯಲ್ಲಿ ಯಾರೂ ಹೇಳುವ ಹಾಗಿಲ್ಲ. ಹುಡುಗಿ ನೋಡಲು ಬಂದವರಿಗೆ ಪರದೆ, ದಿಂಬು ತೋರಿಸಿ, ಎಲ್ಲ ನಮ್ಮ ಹುಡುಗೀನೇ ಹಾಕಿದ್ದು ಅನ್ನಬೇಕು. ಅದಕ್ಕೇ ಹಾಕಿಸುವುದು. ಬಟ್ಟೆ ನಮ್ಮ ಮನೆಗೆ ಸೊಪ್ಪಿನ ಚೀಲದ ತಳದಲ್ಲಿ ಬರುತ್ತಿತ್ತು, ಸೊಪ್ಪಿನ ಕೆಳಗೇ ಹೋಗುತ್ತಿತ್ತು. ಗಂಡಿನ ಮನೆಯ ಕಡೆ ಒಂದು ಸಲ ಅತ್ತೆಯ ಹೆಸರು ಗೊತ್ತಾದರೆ ಅವಳ ಕಸೂತಿಗೆ ಅರ್ಥವೇ ಇಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಸಿದ್ದಮ್ಮನ ಮನೆ. ಅವಳ ಮಗಳು ರತ್ನಕ್ಕ ಒಂಬತ್ತನೇ ಕ್ಲಾಸಿನವರೆಗೆ ಓದಿದ್ದಳು. ಇಂಗ್ಲಿಷೂ ಓದಿದ್ದಳು. ಪರದೆಯಲ್ಲಿ ಅಕ್ಷರ ಕಡಿಮೆ ಇದೆ ಅಂತ ಅವಳಿಗೆ ಗೊತ್ತಾಗಲಿಲ್ಲವೇ ಅಂದರೆ, ಹುಟ್ಟಿದಾಗಿನಿಂದ ಎಲ್ಲ ಬಾಗಿಲಲ್ಲೂ ಅದನ್ನೇ ನೋಡಿದ್ದಳು, ಅದೇ ಸರಿ ಅಂದುಕೊಂಡಿದ್ದಳು. ಅವಳನ್ನು ತುಮಕೂರಿಗೆ ಕೊಟ್ಟರು. ಗಂಡ ಯಾವುದೋ ಆಫೀಸಿನಲ್ಲಿ ಗುಮಾಸ್ತ. ಮಾವ ರಿಟೈರಾದ ಹೆಡ್ ಮೇಷ್ಟ್ರು, ಇಂಗ್ಲಿಷ್ ಪಾಠ ಮಾಡಿದವರು. ಮದುವೆ ಮುಗಿದು ಹೆಣ್ಣನ್ನು ಬಿಟ್ಟು ಬರಲು ಹೋಗಿದ್ದ ಸಿದ್ದಮ್ಮ ಮೂರನೇ ದಿನ ಬಸ್ಸಿಳಿದು ತನ್ನ ಮನೆಗೂ ಹೋಗದೆ ಸೀದಾ ನಮ್ಮ ನಡುಮನೆಗೆ ಬಂದಳು.

“ಗಂಗಕ್ಕ, ಆ ಮೇಷ್ಟ್ರು ಪರದೆ ಮೇಲೆ ಕೆಂಪು ಪೆನ್ಸಿಲ್ನಲ್ಲಿ ಗೀಟು ಎಳ್ದವ್ರೆ. ಒಂದಕ್ಷರ ಇಲ್ವಂತೆ. ನೀನೇ ಹಾಕಿದ್ದಲ್ವೇನಮ್ಮ, ನೀನೇ ತಿದ್ದು ಅಂದವ್ರೆ. ಭಾನುವಾರ ಅವ್ರ ಹಳೇ ಸ್ಟೂಡೆಂಟ್‌ಗಳೆಲ್ಲ ಊಟಕ್ಕೆ ಬತ್ತಾರಂತೆ, ಅಷ್ಟ್ರೊಳಗೆ ಆಗ್ಬೇಕಂತೆ. ನಮ್ ಹುಡ್ಗೀಗೆ ಸೂಜಿ ಯಾವ್ ಕಡೆಯಿಂದ ಚುಚ್ಚೋದು ಅಂತ್ಲೇ ಗೊತ್ತಿಲ್ವಲ್ಲ.”

“ಇಷ್ಟ್ ವರ್ಸ ಆ ಪರದೆ ನೋಡಿ ಯಾರೂ ವಾಪಸ್ ಹೋಗ್ಲಿಲ್ಲ ಕಣೆ ಸಿದ್ದಿ. ಒಂದ್ ಬಾಚಣಿಗೆ ಕಮ್ಮಿ ಆದ್ರೆ ಏನಂತೆ,” ಅಂದಳು ಅತ್ತೆ.

ಒಳಗಿನಿಂದ ಅವ್ವನ ದನಿ ಬಂತು.

“ಅಕ್ಕ, ಇಲ್ಲಿ ಹುರುಳಿಕಾಳು ಬೇಯ್ತಾ ಐತೆ. ಅದಕ್ಕೆ ಯಾವ ಅಕ್ಷರಾನೂ ಬ್ಯಾಡ, ಬತ್ತೀರಾ?”

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನ ಕಡೆ ನೋಡಿದಳು. ಹೊಸ ಮದುವೆ ಹೆಣ್ಣಿನ ಜೊತೆಗೆ ಕೆಲವು ದಿನ ಒಂದು ಹುಡುಗಿಯನ್ನು ಕಳಿಸುವುದು ನಮ್ಮ ಕಡೆ ಇದ್ದದ್ದೇ. ನನ್ನನ್ನು ರತ್ನಕ್ಕನ ಚಿಕ್ಕಪ್ಪನ ಮಗಳು ಅಂತ ಮಾಡಿ ಕಳಿಸುವುದು ಅಂತ ಅವರಿಬ್ಬರೇ ತೀರ್ಮಾನಿಸಿದರು. ಆಗ ನನಗೆ ಹನ್ನೆರಡೋ ಹದಿಮೂರೋ. ಹೊರಡುವಾಗ ಅತ್ತೆ ನನ್ನನ್ನು ಬಚ್ಚಲ ಹತ್ತಿರ ಕರೆದು, ಎರಡು ಸೂಜಿ, ಪರದೆಯ ಅಕ್ಷರದ ಬಣ್ಣದ್ದೇ ಒಂದು ದಾರದ ಲಡಿ ನನ್ನ ಲಂಗದ ಮಡಿಕೆಗೆ ಸಿಕ್ಕಿಸಿದಳು.

“ಮಧ್ಯಾಹ್ನ ಅವ್ರು ಮಲಗ್ದಾಗ ಬಾಗ್ಲು ಹಾಕ್ಕೊಂಡು ನೀನೇ ಹಾಕ್ಬುಡು. ಬಾಚಣಿಗೆ ಸಣ್ಣದಾದ್ರೂ ಪರ್ವಾಗಿಲ್ಲ, ಗಿಣಿ ಮುಟ್ಬ್ಯಾಡ. ನೀನೇನಾರ ಬಾಯ್ ಬಿಟ್ಟೆ ಅಂದ್ರೆ ನಾಳೆಯಿಂದ ನಂಗೆ ಒಬ್ರೂ ಬಟ್ಟೆ ಕೊಡಕಿಲ್ಲ. ನಿಮ್ಮವ್ವ ನನ್ನ ಒಲೆ ಮುಂದೆ ಕೂರಿಸ್ತಾಳೆ. ತಿಳ್ಕೊ.”

ತಿಳಿದುಕೊಂಡೆ. ಅವಳಿಗೆ ಆ ಚಾಪೆ ಬಿಟ್ಟರೆ ಮನೆಯಲ್ಲಿ ತನ್ನದು ಅನ್ನುವ ಜಾಗ ಇರಲಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು, ಈಗ ಹೊಸದಾಗಿ ಹೊಳೆದದ್ದಲ್ಲ.

ತುಮಕೂರಿನ ಮನೆಯಲ್ಲಿ ಎಲ್ಲ ಕೋಣೆಗೂ ಕಿಟಕಿ. ನನಗೆ ಮೊದಲು ಕಂಡದ್ದು ಅದು. ಮಧ್ಯಾಹ್ನವೂ ಅನ್ನ, ಮುದ್ದೆ ಇಲ್ಲ. ಸಾರು ತೆಳ್ಳಗೆ, ತಟ್ಟೆಯಿಂದ ಹರಿದು ಹೋಗುವಷ್ಟು. ರತ್ನಕ್ಕನ ಅತ್ತೆ ಶಾರದಮ್ಮ ದಪ್ಪಗಿದ್ದಳು, ಮಾತು ಜಾಸ್ತಿ, ಊಟ ಆದ ಕೂಡಲೇ ಮಲಗುತ್ತಿದ್ದಳು. ಹೆಡ್ ಮೇಷ್ಟ್ರು ಮಲಗುವವರಲ್ಲ. ಹೊರಗಿನ ಹಾಲಿನಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೆಂಪು ಪೆನ್ಸಿಲ್ ಹಿಡಿದು ಕೂತರೆ, ಪೇಪರು, ಬಂದ ಮದುವೆ ಕಾಗದ, ಔಷಧಿ ಬಾಟಲಿಯ ಚೀಟಿ, ಏನು ಕೈಗೆ ಸಿಕ್ಕರೂ ಅದರಲ್ಲಿ ತಪ್ಪು ತೆಗೆದು ತಿದ್ದುತ್ತಿದ್ದರು. ಮಗನ ಮದುವೆ ಕಾಗದವನ್ನೇ ಒಂದಷ್ಟು ತಿದ್ದಿ ಹಂಚಿದ್ದರಂತೆ. ಮಗನ ಕೋಣೆಯ ದಿಂಬು ನೋಡಿ, ನಿಮ್ಮೂರಲ್ಲಿ ಸಿಹಿ ಕನಸು ಬೀಳಲ್ವೇನಮ್ಮ, ಬರೀ ಬೆವರಿನ ಕನಸೇ ಬೀಳುತ್ತಾ ಅಂತ ರತ್ನಕ್ಕನನ್ನು ಕೇಳಿದ್ದರು. ಸ್ವೀಟನ್ನು ಸ್ವೆಟ್ ಮಾಡಿದ್ದು ಅತ್ತೆಯ ಗೋಪುರ, ಸ್ವೆಟ್ ಅಂದರೆ ಬೆವರು. ದಿಂಬು ಒಳಗಿನದು, ಯಾರೂ ನೋಡಲ್ಲ, ಪರದೆ ಮೊದಲು ಆಗಲಿ ಅಂದಿದ್ದರು. ಪರದೆಯ ಬಿಳಿ ಬಟ್ಟೆಯ ಮೇಲೆ, ಬೆಟ್ಟ ಮುಗಿದು ಗಿಣಿಯ ಕೊಕ್ಕು ಶುರುವಾಗುವ ಕಡೆ ಒಂದು ಕೆಂಪು ಗುರುತು. ಕೋಪದಿಂದ ಎಳೆದ ಗೆರೆ ಅಲ್ಲ ಅದು. ನೋಟ್ ಬುಕ್ಕಿನಲ್ಲಿ ಹಾಕುವ ಹಾಗೆ ನೀಟಾಗಿ ಹಾಕಿದ್ದರು.

ಮೊದಲ ದಿನ ಮಧ್ಯಾಹ್ನ ನಾವು ಬಾಗಿಲು ಹಾಕಿಕೊಂಡ ಹತ್ತು ನಿಮಿಷಕ್ಕೆ ನೆಂಟರು ಬಂದರು. ಆ ಸಂಜೆ ಹೆಡ್ ಮೇಷ್ಟ್ರು ಅಂಗಡಿ ಬೀದಿಗೆ ಹೊರಟವರು, ಹುಡುಗಿ ಒಬ್ಬಳೇ ಕೂತಿದ್ದಾಳೆ ಅಂತ ನನ್ನನ್ನೂ ಕರೆದುಕೊಂಡು ಹೋದರು. ದಾರಿ ಉದ್ದಕ್ಕೂ ಬೋರ್ಡುಗಳ ಮುಂದೆ ನಿಲ್ಲುತ್ತಿದ್ದರು. ಒಂದು ಹೋಟೆಲಿನ ಹೊರಗೆ ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು, ಅಕ್ಷರ ಹಿಂದುಮುಂದು ಆಗಿತ್ತಂತೆ. ಬೇರೆಯವರಾಗಿದ್ದರೆ ನಗುತ್ತಿದ್ದರು. ಇವರು ಕೈಕಟ್ಟಿ ನಿಂತು ಸ್ವಲ್ಪ ಹೊತ್ತು ನೋಡಿ, ಊಟ ತಯಾರಿದೆ ಅಂತ ಬರೆಯೋಕೆ ಹೊರಟಿದ್ದ ಅಂದರು.

“ತಪ್ಪು ಬರೆದೋನು ದಡ್ಡ ಅಲ್ಲಮ್ಮ. ಅವನ ತಲೇಲಿ ಒಂದು ಪದ ಇರುತ್ತೆ, ಕೈ ಅದನ್ನ ತಲುಪಿರಲ್ಲ. ಮೊದಲು ಆ ಪದ ಯಾವುದು ಅಂತ ಹುಡುಕಬೇಕು. ತಿದ್ದೋದು ಆಮೇಲಿನ ಕೆಲಸ.”

ಮುಂದೆ ಎರಡು ಟೈಲರ್ ಅಂಗಡಿ ಇದ್ದವು, ರಸ್ತೆಯ ಆ ಕಡೆ ಒಂದು, ಈ ಕಡೆ ಒಂದು. ನನಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ಎರಡೂ ಬೋರ್ಡಿನ ಅಕ್ಷರ ಒಂದೇ ಥರ ಇಲ್ಲ ಅಂತ ಕಣ್ಣಿಗೆ ಹೊಡೆಯಿತು. ಆ ಕಡೆ ಬಳೆ ಐತೆ, ಈ ಕಡೆ ಅದೇ ಜಾಗದಲ್ಲಿ ಬಾಚಣಿಗೆ ಐತೆ ಅಂದೆ. ಅವರಿಗೆ ಅರ್ಥ ಆಗಲಿಲ್ಲ. ಬೆರಳಲ್ಲಿ ತೋರಿಸಿದೆ. ಆಗ ಅವರು ನಿಂತಲ್ಲೇ ನಿಂತು ನನ್ನನ್ನು ಎಲ್ಲ ಅಕ್ಷರದ ಹೆಸರೂ ಕೇಳಿದರು. ಹೇಳಿದೆ. ಯಾರು ಹೇಳಿಕೊಟ್ಟದ್ದು ಅಂದರು. ರತ್ನಕ್ಕ ಅಂದೆ. ಬಳೆ ಇರುವುದೇ ಸರಿಯಾದ ಬೋರ್ಡು ಅಂತ ಹೇಳಿ, ಓದು ಬರೋ ಎಷ್ಟೋ ಜನಕ್ಕೆ ಈ ಕಣ್ಣಿಲ್ಲ ಅಂದರು. ನನ್ನನ್ನು ಅದುವರೆಗೆ ಯಾರೂ ಯಾವುದಕ್ಕೂ ಹೊಗಳಿರಲಿಲ್ಲ. ನಮ್ಮ ಮನೆಯಲ್ಲಿ ಆ ಅಭ್ಯಾಸ ಇರಲಿಲ್ಲ. ವಾಪಸ್ ಬರುವಾಗ ದಾರಿಯಲ್ಲಿ ಸಿಕ್ಕ ಬೋರ್ಡನ್ನೆಲ್ಲ ನೋಡಿಕೊಂಡು, ಒಂದೇ ಥರ ಇಲ್ಲದ್ದು ಎಲ್ಲಿದೆ ಅಂತ ಹುಡುಕುತ್ತಾ ಬಂದೆ. ಇನ್ನೊಂದು ಸಿಗಲಿ, ಅವರಿಗೆ ತೋರಿಸುವ ಅಂತ ಇತ್ತು.

ಮಾರನೇ ದಿನ ಶಾರದಮ್ಮ ಮಲಗಿದ ಮೇಲೆ ನಾವು ಪರದೆ ಇಳಿಸಿಕೊಂಡು ಕೋಣೆಗೆ ಹೊರಟಿದ್ದೆವು. ಹೆಡ್ ಮೇಷ್ಟ್ರು ಕರೆದರು. ಕೋಣೆಯಲ್ಲಿ ಯಾಕಮ್ಮ, ಇಲ್ಲಿ ಹಾಲಿನಲ್ಲಿ ಬೆಳಕು ಚೆನ್ನಾಗಿದೆ, ಇಲ್ಲೇ ಕೂತು ಹಾಕು, ನಾನೂ ಹೇಗೆ ಹಾಕ್ತಾರೆ ಅಂತ ನೋಡ್ತೀನಿ ಅಂದರು. ಅವರಿಗೆ ಸಂಶಯ ಏನೂ ಇರಲಿಲ್ಲ, ನಿಜವಾಗಿ ನೋಡಬೇಕಿತ್ತು. ರತ್ನಕ್ಕ ಪರದೆ ಹಿಡಿದು ಅವರ ಕುರ್ಚಿಯ ಪಕ್ಕ ಚಾಪೆಯ ಮೇಲೆ ಕೂತಳು. ಸೂಜಿಗೆ ದಾರ ನಾನೇ ಪೋಣಿಸಿ ಕೊಟ್ಟೆ. ಅವಳು ಸೂಜಿ ಹಿಡಿದು ಬಟ್ಟೆ ನೋಡುತ್ತಾ ಕೂತಳು. ಹಾಗೇ ಇನ್ನೊಂದು ನಿಮಿಷ ಕೂತಿದ್ದರೆ ಎಲ್ಲ ಮುಗಿಯುತ್ತಿತ್ತು.

ನಾನು ಅವಳ ಪಕ್ಕಕ್ಕೆ ಸರಿದು ಜೋರಾಗಿ ಎಣಿಕೆ ಹೇಳಲು ಶುರು ಮಾಡಿದೆ. ಅತ್ತೆ ಎದುರು ನಾನು ಕಲಿತದ್ದು ಹಾಗೆಯೇ, ಪಾಠ ಒಪ್ಪಿಸುವ ಥರ. ಬಾಚಣಿಗೆಗೆ ನಿಂತ ಸಾಲಲ್ಲಿ ಏಳು ಹೊಲಿಗೆ, ಕೆಳಗಿಂದ ಶುರು ಮಾಡು, ಒಂದು ತೂತು ಬಿಟ್ಟು ಒಂದು, ಓರೆಯಾಗಿ ಮೇಲೆ, ಮತ್ತೆ ಅಡ್ಡ ಬಾ. ರತ್ನಕ್ಕ ಜಾಣೆ. ನಾನು ಹೇಳಿದ ಕಡೆ ಸೂಜಿ ಹಾಕಿದಳು. ನಿಧಾನ ಮಾಡಿದರೆ ನಾನೂ ನಿಧಾನ ಮಾಡುತ್ತಿದ್ದೆ, ತಪ್ಪಿದರೆ ಅದೇ ಸಾಲನ್ನು ಮತ್ತೆ ಹೇಳುತ್ತಿದ್ದೆ. ಹೆಡ್ ಮೇಷ್ಟ್ರು, ಅಕ್ಕನ ಹತ್ತಿರ ಕಲಿತಾ ಇದ್ದೀಯೇನು, ಬಾಯಿಪಾಠ ಚೆನ್ನಾಗಿದೆ ಅಂತ ಪೇಪರು ಎತ್ತಿಕೊಂಡರು. ಜಾಗ ಸಾಲದೆ ಬಂತು. ಮೂರು ತೂತು ಬೇಕಿತ್ತು, ಬೆಟ್ಟಕ್ಕೂ ಕೊಕ್ಕಿಗೂ ನಡುವೆ ಇದ್ದದ್ದು ಎರಡೇ. ಗಿಣಿಯ ಕೊಕ್ಕಿನ ತುದಿ ಬಿಚ್ಚು ಅಂತ ಎಣಿಕೆಯ ನಡುವೆಯೇ ಸೇರಿಸಿ ಹೇಳಿದೆ. ಬಿಚ್ಚಿದಳು. ನಾಲ್ಕು ಗಂಟೆ ಹೊತ್ತಿಗೆ ಏಳನೇ ಅಕ್ಷರ ಮುಗಿಯಿತು. ಶಾರದಮ್ಮ ಎದ್ದು ಕಾಫಿ ತಂದಳು, ನೋಡಿ ಪರವಾಗಿಲ್ಲ ಅಂದಳು. ರತ್ನಕ್ಕ ನನ್ನ ಕಡೆ ನೋಡಿ ಉಸಿರು ಬಿಟ್ಟಳು.

ಹೆಡ್ ಮೇಷ್ಟ್ರು ಕನ್ನಡಕ ಹಣೆಗೆ ಏರಿಸಿ ಪರದೆಯನ್ನು ಮುಖದ ಹತ್ತಿರ ಹಿಡಿದರು. ತುಂಬಾ ಹೊತ್ತು ಹಿಡಿದಿದ್ದರು.

“ನನ್ನ ಸರ್ವಿಸ್ ಪೂರ್ತಿ ಮಕ್ಕಳ ನೋಟ್ ಬುಕ್ ನೋಡೋದ್ರಲ್ಲೇ ಕಳೀತು. ಅಣ್ಣ ಬರೆದುಕೊಟ್ಟದ್ದು ಯಾವುದು, ತಾನೇ ಬರೆದದ್ದು ಯಾವುದು ಅಂತ ಪುಟ ತೆಗೀತಿದ್ದ ಹಾಗೆ ಗೊತ್ತಾಗುತ್ತೆ. ಇಲ್ಲಿ ಆರು ಅಕ್ಷರ ಒಂದು ಕೈಯದು. ಕೊನೇದು ಇನ್ನೊಂದು ಕೈಯದು.”

ಅವರು ನನ್ನ ಕಡೆ ತಿರುಗಿದರು. ಗದರಿಸುವ ದನಿ ಅಲ್ಲ, ಹಿಂದಿನ ಸಂಜೆ ಬೋರ್ಡಿನ ಮುಂದೆ ಕೇಳಿದ್ದರಲ್ಲ, ಅದೇ ದನಿ.

“ನೀನು ಹೇಳು. ನಿನಗೆ ಕಣ್ಣಿದೆ. ಏನು ವ್ಯತ್ಯಾಸ?”

ನಾನು ಬಟ್ಟೆ ನೋಡಿದೆ. ಎಣಿಕೆ ಹೇಳುವ ಭರದಲ್ಲಿ ಅದು ನನಗೂ ಕಂಡಿರಲಿಲ್ಲ. ಅತ್ತೆಯ ಆರು ಅಕ್ಷರದಲ್ಲಿ ಮೇಲಿನ ದಾರ ಒಂದು ಕಡೆಗೆ ವಾಲಿತ್ತು, ರತ್ನಕ್ಕನ ಅಕ್ಷರದಲ್ಲಿ ಇನ್ನೊಂದು ಕಡೆಗೆ.

“ಆರು ಎಡಗೈನೋರ್ದು, ದಾರ ಈ ಕಡೆ ಬಿದ್ದೈತೆ. ಇದು ಬಲಗೈದು. ಆರು ನಮ್ ಗಂಗತ್ತೆ ಹಾಕಿದ್ದು, ಇದೊಂದು ರತ್ನಕ್ಕ ಹಾಕಿದ್ದು.”

ಕೊನೆಯ ಮಾತನ್ನು ಅವರು ಕೇಳಿರಲಿಲ್ಲ. ನನಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ ಅಂತಲ್ಲ, ಹಿಂದಿನ ಸಂಜೆ ತಾನೇ ಹೇಳಿದ್ದೆ. ಹೆದರಿಕೆಯೂ ಇರಲಿಲ್ಲ. ಸರಿಯಾದ ಉತ್ತರ ನನಗೆ ಗೊತ್ತಿತ್ತು, ಪೂರ್ತಿ ಹೇಳಬೇಕು ಅನ್ನಿಸಿತು, ಹೇಳಿದೆ. ಹೇಳುವಾಗ ಅತ್ತೆ ನೆನಪಾಗಲಿಲ್ಲ. ಹೇಳಿ ಮುಗಿಸಿದ ಮೇಲೆ ನೆನಪಾದಳು.

ಶಾರದಮ್ಮ ಕಾಫಿ ಲೋಟ ಕೆಳಗಿಟ್ಟು ಜೋರಾಗಿ ನಕ್ಕಳು. ಗಂಗತ್ತೆ ಯಾರು, ಎಲ್ಲಿರುವುದು, ಯಾರ್ಯಾರಿಗೆ ಹಾಕಿಕೊಡುತ್ತಾಳೆ ಅಂತ ನನ್ನನ್ನು ಒಂದೊಂದಾಗಿ ಕೇಳಿದಳು. ಕುಣಿಗಲ್ಲಿನಲ್ಲಿ ತನ್ನ ತಮ್ಮನ ಮಗನಿಗೆ ನೋಡಿದ್ದ ಹುಡುಗಿಯ ಮನೆಯಲ್ಲೂ ಇದೇ ಗಿಣಿ ನೋಡಿದ್ದೆ ಅಂದಳು. ಹೆಡ್ ಮೇಷ್ಟ್ರು ಅವಳ ಮಾತಿಗೆ ಸೇರಲಿಲ್ಲ. ಸೊಸೆಯನ್ನು ಬಯ್ಯಲೂ ಇಲ್ಲ. ಪರದೆ ಅವಳ ಮಡಿಲಲ್ಲಿಟ್ಟರು.

“ಬೇರೆಯವರು ಬರೆದದ್ದಕ್ಕೆ ಒಂದಕ್ಷರ ಸೇರಿಸಿದರೆ ತಿದ್ದಿದ ಹಾಗೆ ಆಗಲ್ಲಮ್ಮ. ಆರನ್ನೂ ಬಿಚ್ಚು. ಏಳನ್ನೂ ನೀನೇ ಹಾಕು. ಸೊಟ್ಟಗಾದರೂ ಆಗಲಿ.”

ಹಿತ್ತಲಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ರತ್ನಕ್ಕ ನನ್ನ ತೋಳು ಹಿಡಿದು ರಕ್ತ ಕಟ್ಟುವ ಹಾಗೆ ಹಿಂಡಿದಳು. ನಿನ್ನ ಬಾಯಿಗೆ ಮಣ್ಣು ಹಾಕ ಅಂದಳು. ನಾನು ಅಳಲಿಲ್ಲ. ಅವಳಿಗೂ ಬೇರೆ ದಾರಿ ಇರಲಿಲ್ಲ, ಎಣಿಕೆ ಹೇಳಲು ನಾನೇ ಬೇಕಿತ್ತು. ಮೂರು ದಿನ ನಾವಿಬ್ಬರೂ ಹಾಲಿನಲ್ಲಿ ಕೂತೆವು. ನಾನು ತೂತಿನ ಎಣಿಕೆ ಹೇಳುತ್ತಿದ್ದೆ, ಅವಳು ಹಾಕುತ್ತಿದ್ದಳು, ಅದು ಬಿಟ್ಟು ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಏಳಕ್ಷರಕ್ಕೂ ಸರಿಯಾಗಿ ಜಾಗ ಆಗಲು ಒಂದು ಗಿಣಿಯನ್ನು ಪೂರ್ತಿ ಬಿಚ್ಚಿದೆವು. ಬಿಚ್ಚಿದ ಕಡೆ ಹಳೆಯ ತೂತು ಅಗಲವಾಗಿ, ಗಿಣಿ ಕೂತಿದ್ದ ಆಕಾರ ಹಾಗೇ ಉಳಿಯಿತು. ಭಾನುವಾರ ಪರದೆ ತೂಗು ಹಾಕಿದರು. ಅಕ್ಷರ ಒಂದು ಏರಿ ಒಂದು ಇಳಿದು ಕುಡಿದವರು ನಿಂತ ಹಾಗೆ ಇದ್ದವು. ಹಳೆಯ ಶಿಷ್ಯರು ಬಂದರು, ಅದರ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದರು, ಹೋಳಿಗೆ ತಿಂದರು. ಒಬ್ಬರೂ ಪರದೆ ನೋಡಲಿಲ್ಲ. ಹೆಡ್ ಮೇಷ್ಟ್ರೇ ನಿಲ್ಲಿಸಿ, ನಮ್ಮ ಸೊಸೆ ಹಾಕಿದ್ದು ಅಂತ ತೋರಿಸಿದರು. ಆಗ ರತ್ನಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಹೇಗಿತ್ತು ಅಂತ ನಾನು ನೋಡಲಿಲ್ಲ, ಬಡಿಸುತ್ತಿದ್ದೆ.

ಗುಬ್ಬಿಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಸಿದ್ದಮ್ಮನ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಸರಿ ಅನ್ನಿಸಿತ್ತು. ಅವಳು ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಅವರು ಕೇಳಿದ್ದು ಬರೀ ವ್ಯತ್ಯಾಸ ಅಲ್ವೇನೇ ಅಂದಳು. ಹೂಂ ಅಂದೆ. ಹೆಸರು ಕೇಳಿರಲಿಲ್ಲ ಅಲ್ವಾ ಅಂದಳು. ಇಲ್ಲ ಅಂದೆ.

ಹದಿನೈದು ದಿನದಲ್ಲಿ ಕುಣಿಗಲ್ಲಿನ ಇನ್ನೊಂದು ಮನೆಯವರು ಬಂದು ಅರ್ಧ ಆಗಿದ್ದ ಸೆಟ್ಟನ್ನು ಹಾಗೇ ವಾಪಸ್ ತೆಗೆದುಕೊಂಡು ಹೋದರು. ಬೆಳ್ಳಾವಿಯ ಒಬ್ಬಳು ಬರುತ್ತೇನೆ ಅಂದವಳು ಬರಲಿಲ್ಲ. ಶಾರದಮ್ಮನಿಗೆ ನೆಂಟರು ಜಾಸ್ತಿ, ಯಾರ ಮನೆಯಲ್ಲಿ ಗಿಣಿಯ ಪರದೆ ಕಂಡರೂ ಗಂಗಮ್ಮಂದಾ ಅಂತ ಕೇಳುವ ಹಾಗೆ ಆಯಿತು. ಗಿಣಿಯಿಂದಲೇ ಸಿಕ್ಕಿಬೀಳುವ ಹಾಗಿದ್ದರೆ ಯಾರು ಹಾಕಿಸುತ್ತಾರೆ. ಆ ವರ್ಷ ಕಾರ್ತಿಕದ ಹೊತ್ತಿಗೆ ಚಾಪೆಯ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಒಂದು ದಿನ ಬೆಳಗ್ಗೆ ಅವ್ವ ಅವರೆಕಾಯಿ ತುಂಬಿದ ಮೊರವನ್ನು ತಂದು ಅತ್ತೆಯ ಮುಂದೆ ಇಟ್ಟಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ಕೈ ಹಾಕಿದಳು. ಸಂಜೆ ಹೊತ್ತಿಗೆ ಅವಳು ಒಲೆಯ ಮುಂದೆ ಇದ್ದಳು. ಅವ್ವ ಗೆದ್ದ ಹಾಗೆ ನಡೆದುಕೊಳ್ಳಲಿಲ್ಲ, ಅವಳಿಗೆ ಸುಸ್ತಾಗಿತ್ತು ಅಷ್ಟೆ. ಅತ್ತೆಯ ಸಾರಿನಲ್ಲಿ ಮೊದಲ ತಿಂಗಳು ಉಪ್ಪು ಒಂದು ದಿನವೂ ಸರಿ ಇರಲಿಲ್ಲ. ಅಪ್ಪ ಸುಮ್ಮನೆ ತಿಂದು ಏಳುತ್ತಿದ್ದ.

ಮುಂದಿನ ಮದುವೆ ಕಾಲಕ್ಕೆ ಹೊಸ ಪದ್ಧತಿಯೊಂದು ಶುರುವಾಯಿತು. ಗಂಡಿನ ಕಡೆಯವರು ಪರದೆ ನೋಡಿದರೆ ಸುಮ್ಮನಾಗುತ್ತಿರಲಿಲ್ಲ, ಹುಡುಗಿ ನಮ್ಮ ಮುಂದೆ ನಾಲ್ಕು ಹೊಲಿಗೆ ಹಾಕಲಿ ಅನ್ನುತ್ತಿದ್ದರು. ಹಾಗಾಗಿ ತಾಯಂದಿರು ಈಗ ಬಟ್ಟೆಯ ಬದಲು ಹೆಣ್ಣುಮಕ್ಕಳನ್ನೇ ಕರೆದುಕೊಂಡು ಬಂದರು, ಕಲಿಸಿಕೊಡು ಅಂತ. ಮೊದಲು ಬಂದವರು ಅತ್ತೆಯನ್ನೇ ಕೇಳಿದರು. ಅವಳು ಅಡುಗೆಮನೆಯ ಹೊಸಲಿನ ಒಳಗೇ ನಿಂತು ಸೆರಗಿಗೆ ಕೈ ಒರೆಸಿಕೊಂಡಳು. ಕೈ ಅರಿಶಿನವಾಗಿತ್ತು.

“ನಂಗೆ ಕೈ ಇತ್ತು, ಬಾಯಿ ಇರೋದು ಅವ್ಳಿಗೆ. ಕಲ್ಸೋಕೆ ಬಾಯಿ ಬೇಕು. ಅವ್ಳನ್ನೇ ಕೇಳಿ.”

ನಾನು ಚಾಪೆಯ ಮೇಲೆ ಕೂತೆ. ಕಲಿಯಲು ಬಂದ ಹುಡುಗಿಯರು ಸುತ್ತ ಕೂತರು. ನಾನು ಏಳಕ್ಷರವೂ ಹೇಳಿಕೊಟ್ಟೆ, ಸ್ವೀಟಿಗೆ ಎರಡು ಬಾಚಣಿಗೆ ಹಾಕಿಸಿದೆ. ಬೀದಿಯಲ್ಲಿ ಹಳೆಯ ಪರದೆ ಕಂಡ ಮನೆಗೆ ಹೋಗಿ, ನಿಮ್ಮದರಲ್ಲಿ ಒಂದು ಕಡಿಮೆ ಇದೆ, ತಿದ್ದಿಕೊಡಲಾ ಅಂತ ಕೇಳುತ್ತಿದ್ದೆ. ಕೆಲವರು ಕೊಟ್ಟರು, ಕೆಲವರು ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಅತ್ತೆ ಮುದ್ದೆ ಸಾರು ತಂದು ಚಾಪೆಯ ಹೊರಗೆ ಇಟ್ಟು ಹೋಗುತ್ತಿದ್ದಳು. ನನ್ನ ಮದುವೆಯಾಗುವವರೆಗೆ ಆರೇಳು ವರ್ಷ ಹೀಗೇ ನಡೆಯಿತು. ಅಷ್ಟು ವರ್ಷದಲ್ಲಿ ಆ ಜಾಗ ಬಿಟ್ಟು ಏಳು ಅಂತ ಅವಳು ಒಂದು ದಿನವೂ ಹೇಳಲಿಲ್ಲ. ನಾನೂ ಏಳಲಿಲ್ಲ.